ಬೋಟಿನ ಫಲಕವನ್ನು ಓದಲು ಕಲಿಯೋಣ



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಅಡಿಕೆಯ ಕೊಳೆರೋಗ, ತೆಂಗಿನ ಕುರುವಾಯಿ ಹುಳು, ಮಳೆಗಾಲದ ಜ್ವರ ಮೊದಲಾದ ವಿಷಯಗಳನ್ನು ಬರೆಯುತ್ತೇವೆ. ಈ ಸಲ ಬೋಟಿನ ವಿಚಾರ ಏಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. ನಮ್ಮ ಕಾಸರಗೋಡು ಹೊಳೆಗಳ ಜಿಲ್ಲೆ. ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಎಂದು ಎಣಿಸುತ್ತ ದಕ್ಷಿಣಕ್ಕೆ ಹೋದರೆ ಕೊನೆಗೆ ತೇಜಸ್ವಿನಿ ಹೊಳೆಯೂ ಅದರಾಚೆಯ ವಿಶಾಲ ಹಿನ್ನೀರೂ ಸಿಗುತ್ತವೆ. ಪಡನ್ನ, ಚೆರುವತ್ತೂರು ಕಡೆ ಆ ಹಿನ್ನೀರಿನಲ್ಲಿ 1990ರ ದಶಕದಿಂದಲೇ ಪಚ್ಚಿಲೆ ಕೃಷಿ ನಡೆಯುತ್ತಿದೆ. ನೀರಿನಲ್ಲಿ ಮಾಡುವ ಕೃಷಿಗೆ ಬೋಟೇ ಟ್ರ್ಯಾಕ್ಟರು. ಗದ್ದೆ ತೋಟಗಳಲ್ಲಿ ಬೆಳೆದ ನಮ್ಮ ಯುವಕರಲ್ಲಿ ಕೆಲವರು ಈಗ ಸರಕು ಸಾಗಿಸುವ, ಮೀನುಪಂಜರಗಳಿಗೆ ಹೋಗಿಬರುವ, ಬಂದರುಗಳಲ್ಲಿ ದುಡಿಯುವ ಚಿಕ್ಕ ಡೀಸೆಲ್ ಬೋಟುಗಳಲ್ಲಿ ಕೆಲಸಕ್ಕೆ ಸೇರುತ್ತಿದ್ದಾರೆ. ಟಿಲ್ಲರು, ಪಂಪುಸೆಟ್ಟು ಬಲ್ಲವರಿಗೆ ಬೋಟಿನ ಎಂಜಿನ್ ಹೊಸದೇನೂ ಅಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಗದ್ದೆಯಲ್ಲಿ ಎಂಜಿನ್ ಕೆಟ್ಟರೆ ಇಳಿದು ಮನೆಗೆ ನಡೆಯಬಹುದು. ನೀರಿನಲ್ಲಿ ಇಳಿಯಲು ಜಾಗವಿಲ್ಲ.

ಇದನ್ನು ನಾವು ಅನುಭವದಿಂದ ಕಲಿತೆವು. ಕೆಲವು ವರ್ಷಗಳ ಹಿಂದೆ ಮಳೆಗಾಲ ಮುಗಿಯುತ್ತ ಬಂದಾಗ ಹಿನ್ನೀರಿನ ಆಚೆ ದಡಕ್ಕೆ ಒಂದು ಸರಕಿನ ಬೋಟಿನಲ್ಲಿ ಹೊರಟಿದ್ದೆವು. ತೆಂಗಿನ ಸಸಿಗಳು, ಗೊಬ್ಬರದ ಚೀಲಗಳು, ನಮ್ಮೊಡನೆ ಒಬ್ಬ ವೃದ್ಧ ಅಂಬಿಗ. ಬೋಟು ನಡೆಸುತ್ತಿದ್ದವನು ಇಪ್ಪತ್ತರ ಆಸುಪಾಸಿನ ಕೃಷಿಕ ಯುವಕ, ಟ್ರ್ಯಾಕ್ಟರಿನಲ್ಲಿ ಪಳಗಿದ ಕೈ. ದಾರಿಯಲ್ಲಿ ಉಷ್ಣತೆಯ ಮಾಪಕದ ಮುಳ್ಳು ನಡುವಿನಿಂದ ಬಲಕ್ಕೆ ಸರಿಯುತ್ತಿರುವುದನ್ನು ಕಂಡು ಕೇಳಿದೆವು. "ಅದು ಹಾಳಾಗಿದೆ ಫಾದರ್, ಹಾಗೇ ತೋರಿಸುತ್ತದೆ" ಎಂದ. ನಾವೂ ಸುಮ್ಮನಾದೆವು. ಎಚ್ಚರಿಕೆಯ ಸದ್ದು ಮಾಡುವ ಬಜರಿನ ತಂತಿಯನ್ನು ಕಿರಿಕಿರಿಯೆಂದು ಯಾರೋ ಮೊದಲೇ ಕಿತ್ತಿದ್ದರು. ಹತ್ತು ನಿಮಿಷದಲ್ಲಿ ಹಬೆ ಎದ್ದಿತು, ಎಂಜಿನ್ ನಿಂತಿತು. ಇಳಿತದ ನೀರು ನಮ್ಮನ್ನು ಅಳಿವೆಯ ಕಡೆಗೆ ಎಳೆಯತೊಡಗಿತು. ಲಂಗರು ಗೊಬ್ಬರದ ಚೀಲಗಳ ಅಡಿಯಲ್ಲಿತ್ತು! ಆ ವೃದ್ಧರು ಬಿದಿರಿನ ಗಳುವನ್ನು ಕೆಸರಿಗೆ ಊರಿ ಬೋಟನ್ನು ತಡೆಹಿಡಿದರು. ಅಷ್ಟರಲ್ಲಿ ನಾವಿಬ್ಬರೂ ಚೀಲಗಳನ್ನು ಸರಿಸಿ ಲಂಗರು ಎಸೆದೆವು. ಸಂಜೆ ದಡಕ್ಕೆ ಎಳೆದು ತಂದು ನೋಡಿದಾಗ ಹೊರನೀರು ಒಳಬರುವ ಕೊಳವೆಯ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲ ಅಂಟಿಕೊಂಡಿತ್ತು. ಮುಳ್ಳು ಹಾಳಾಗಿರಲಿಲ್ಲ. ಅದು ಹತ್ತು ನಿಮಿಷ ಮೊದಲೇ ಸತ್ಯ ಹೇಳಿತ್ತು, ನಾವು ನಂಬಲಿಲ್ಲ. ಎಂಜಿನ್ ರಿಪೇರಿಗೆ ಆ ಹುಡುಗನ ಹಲವು ತಿಂಗಳ ದುಡಿಮೆ ಹೋಯಿತು.

ಈ ಪಾಠವನ್ನು ಮನಸ್ಸಿನಲ್ಲಿಟ್ಟು ಫಲಕದ ಮೇಲಿರುವ ಒಂದೊಂದನ್ನೂ ಕ್ರಮವಾಗಿ ನೋಡೋಣ. ಒಂದು ಮಾತು ಮೊದಲೇ ಹೇಳುತ್ತೇವೆ. ಇಲ್ಲಿ ಕೊಡುವ ಅಂಕೆಗಳು ಸಾಮಾನ್ಯ ಅಂದಾಜು. ನಿಮ್ಮ ಎಂಜಿನ್‌ಗೆ ಅದರ ಕೈಪಿಡಿಯೇ ಪ್ರಮಾಣ.

ಕೀಲಿ ತಿರುಗಿಸುವ ಮೊದಲು

ವೈದ್ಯರು ರೋಗಿಯನ್ನು ಮೊದಲು ಕಣ್ಣಿನಿಂದ ಪರೀಕ್ಷಿಸಿ ಆಮೇಲೆ ಉಪಕರಣ ಹಿಡಿಯುತ್ತಾರೆ. ಬೋಟಿಗೂ ಹಾಗೆಯೇ. ಬೋಟಿನ ತಳದಲ್ಲಿ ನೀರು ಅಥವಾ ಎಣ್ಣೆ ನಿಂತಿದೆಯೇ ನೋಡಿರಿ. ಎಂಜಿನ್ ಎಣ್ಣೆಯನ್ನು ಕಡ್ಡಿ ಅದ್ದಿ ಅಳೆಯಿರಿ. ತಣಿಸುವ ನೀರಿನ ಮಟ್ಟ, ಬೆಲ್ಟಿನ ಬಿಗಿ ನೋಡಿರಿ. ಹೊರನೀರನ್ನು ಒಳಬಿಡುವ ಕವಾಟ ತೆರೆದಿದೆಯೇ ಎಂದು ಕೈಯಿಂದಲೇ ಮುಟ್ಟಿ ಖಚಿತಪಡಿಸಿಕೊಳ್ಳಿರಿ. ಅದು ಮುಚ್ಚಿದ್ದರೆ ಪಂಪಿನೊಳಗಿನ ರಬ್ಬರ್ ರೆಕ್ಕೆಗಳು ಒಣಗಿ ಓಡಿ ಬಹಳ ಬೇಗ ಹರಿದುಹೋಗುತ್ತವೆ.

ಕೀಲಿಯನ್ನು ಮೊದಲ ಹಂತಕ್ಕೆ ತಿರುಗಿಸಿದಾಗ ಎಣ್ಣೆಯ ದೀಪ, ಬ್ಯಾಟರಿಯ ದೀಪ ಉರಿಯಬೇಕು, ಬಜರ್ ಕೂಗಬೇಕು. ಅನೇಕರು ಇದನ್ನು ಗಮನಿಸುವುದೇ ಇಲ್ಲ. ಆ ಕ್ಷಣದಲ್ಲಿ ಫಲಕವು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದೆ. ಆಗ ಉರಿಯದ ದೀಪ ಅಪಾಯದಲ್ಲಿಯೂ ಉರಿಯುವುದಿಲ್ಲ. ಎಂಜಿನ್ ಹೊತ್ತಿಕೊಂಡ ಕೆಲವೇ ಸೆಕೆಂಡುಗಳಲ್ಲಿ ದೀಪಗಳು ಆರಬೇಕು. ಸ್ಟಾರ್ಟರನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿರಿ. ಹೊತ್ತಿಕೊಳ್ಳದಿದ್ದರೆ ಸ್ವಲ್ಪ ವಿರಾಮ ಕೊಟ್ಟು ಮತ್ತೆ ಪ್ರಯತ್ನಿಸಿರಿ.

ಎಣ್ಣೆಯ ಒತ್ತಡ

ಎಲ್ಲ ಮಾಪಕಗಳಲ್ಲಿ ಇದೇ ಮುಖ್ಯವಾದದ್ದು. ಮನುಷ್ಯನ ರಕ್ತದೊತ್ತಡವಿದ್ದಂತೆ. ಎಂಜಿನ್ ಒಳಗೆ ತಿರುಗುವ ಲೋಹದ ಭಾಗಗಳು ಒಂದಕ್ಕೊಂದು ನೇರವಾಗಿ ತಾಗುವುದಿಲ್ಲ, ನಡುವೆ ಎಣ್ಣೆಯ ತೆಳು ಪದರವಿರುತ್ತದೆ. ಒತ್ತಡ ಇಲ್ಲದಾದರೆ ಆ ಪದರ ಹರಿದು ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಬಿಗಿದುಕೊಳ್ಳುತ್ತದೆ.

ಚಿಕ್ಕ ಡೀಸೆಲ್ ಎಂಜಿನ್ ಬಿಸಿಯಾಗಿ ನಿಧಾನವಾಗಿ ತಿರುಗುತ್ತಿರುವಾಗ ಒತ್ತಡ ಸುಮಾರು 1 ಬಾರ್, ಎಂದರೆ 15 ಪಿ.ಎಸ್.ಐ. ಇರಬಹುದು. ಕೆಲಸದ ವೇಗದಲ್ಲಿ ಸಾಮಾನ್ಯವಾಗಿ 2ರಿಂದ 5 ಬಾರ್. ತಣ್ಣಗಿರುವಾಗ ಎಣ್ಣೆ ಮಂದವಾಗಿರುವುದರಿಂದ ಮುಳ್ಳು ಮೇಲಿರುತ್ತದೆ, ಬಿಸಿಯಾದಂತೆ ಸ್ವಲ್ಪ ಇಳಿಯುತ್ತದೆ. ಇದು ಸಹಜ. ಅದೇ ವೇಗದಲ್ಲಿ ಹೋಗುತ್ತಿರುವಾಗ ಮುಳ್ಳು ಏಕಾಏಕಿ ಬಿದ್ದರೆ ಅಥವಾ ದೀಪ ಹೊತ್ತಿಕೊಂಡರೆ ಅದು ಅಪಾಯ. ಎದುರಿಗೆ ಬಂಡೆ ಅಥವಾ ಹಡಗು ಇಲ್ಲದಿದ್ದರೆ ಕೂಡಲೇ ಗೇರು ಬಿಡಿಸಿ ಎಂಜಿನ್ ನಿಲ್ಲಿಸಿರಿ, ಲಂಗರು ಹಾಕಿರಿ. ದಡ ಮುಟ್ಟಿದ ಮೇಲೆ ನೋಡೋಣ ಎನ್ನುವ ಮಾತು ಇಲ್ಲಿ ಸಲ್ಲದು.

ಉಷ್ಣತೆ

ಸಣ್ಣ ಬೋಟುಗಳಲ್ಲಿ ಎಂಜಿನ್ ತಣಿಸುವ ಎರಡು ವಿಧಾನಗಳಿವೆ. ಒಂದರಲ್ಲಿ ಎಂಜಿನ್ ಒಳಗೆ ಸಿಹಿನೀರು ಸುತ್ತುತ್ತದೆ, ಹೊರಗಿನ ನೀರು ಆ ಸಿಹಿನೀರನ್ನು ತಣಿಸುತ್ತದೆ. ಇದರಲ್ಲಿ ಮುಳ್ಳು ಸಾಮಾನ್ಯವಾಗಿ 75ರಿಂದ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲುತ್ತದೆ. ಇನ್ನೊಂದರಲ್ಲಿ ಹೊರಗಿನ ಉಪ್ಪುನೀರೇ ನೇರವಾಗಿ ಎಂಜಿನ್ ಒಳಗೆ ಹರಿಯುತ್ತದೆ. ಬಿಸಿ ಹೆಚ್ಚಾದರೆ ಒಳಗೆ ಉಪ್ಪು ಗಟ್ಟಿಕಟ್ಟುವುದರಿಂದ ಇದನ್ನು 50–60 ಡಿಗ್ರಿಯ ಆಸುಪಾಸಿನಲ್ಲಿಯೇ ಓಡಿಸುತ್ತಾರೆ. ಆದುದರಿಂದ 85 ಡಿಗ್ರಿ ಒಂದು ಬೋಟಿಗೆ ಆರೋಗ್ಯ, ಇನ್ನೊಂದಕ್ಕೆ ಜ್ವರ. ನಿಮ್ಮ ಬೋಟು ಯಾವ ಜಾತಿಯದೆಂದು ತಿಳಿದಿರಬೇಕು.

ಮುಳ್ಳು ಮೇಲೇರತೊಡಗಿದರೆ ಮೊದಲು ವೇಗ ತಗ್ಗಿಸಿರಿ. ಹಿಂದಿನ ಹೊಗೆಕೊಳವೆಯನ್ನು ನೋಡಿರಿ. ಹೆಚ್ಚಿನ ಬೋಟುಗಳಲ್ಲಿ ಹೊಗೆಯೊಡನೆ ನೀರೂ ಚಿಮ್ಮುತ್ತದೆ. ಆ ನೀರು ಕಡಿಮೆಯಾಗಿದ್ದರೆ ಒಳಬರುವ ದಾರಿ ಕಟ್ಟಿಕೊಂಡಿದೆ ಎಂದು ತಿಳಿಯಬೇಕು. ನಮ್ಮ ಹೊಳೆಗಳಲ್ಲಿ ಪ್ಲಾಸ್ಟಿಕ್ ಚೀಲವೇ ಇದಕ್ಕೆ ದೊಡ್ಡ ಕಾರಣ. ಮಳೆಗಾಲದಲ್ಲಿ ತೇಲಿಬರುವ ಅಂತರಗಂಗೆಯೂ ಸೇರುತ್ತದೆ. ಸೆಳೆತವಿಲ್ಲದ ಕಡೆಗೆ ತಿರುಗಿಸಿ ಲಂಗರು ಹಾಕಿ, ಆಮೇಲೆ ಎಂಜಿನ್ ನಿಲ್ಲಿಸಿ ಪರಿಶೀಲಿಸಿರಿ. ಬಿಸಿಯಾದ ಎಂಜಿನ್‌ನ ನೀರಿನ ಮುಚ್ಚಳವನ್ನು ಎಂದಿಗೂ ಕೂಡಲೇ ತೆರೆಯಬಾರದು. ಒಳಗಿನ ನೀರು ಒತ್ತಡದಿಂದ ಮುಖಕ್ಕೆ ಚಿಮ್ಮುತ್ತದೆ, ಕಣ್ಣಿಗೇ ಅಪಾಯ. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು.

ವಿದ್ಯುತ್ತಿನ ಮಾಪಕ

12 ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದಾಗಿದೆ ಎಂದರ್ಥ. ಎಂಜಿನ್ ಓಡುತ್ತಿರುವಾಗ 13.8ರಿಂದ 14.4 ಇರಬೇಕು. ಓಡುತ್ತಿದ್ದರೂ 12.5ರಲ್ಲಿಯೇ ಇದ್ದರೆ ಬ್ಯಾಟರಿಗೆ ವಿದ್ಯುತ್ ಹೋಗುತ್ತಿಲ್ಲ. 15 ದಾಟಿದರೆ ಅತಿಯಾಗಿ ಹೋಗುತ್ತಿದೆ, ಬ್ಯಾಟರಿ ಕುದಿಯುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮುಖ್ಯ ಸ್ವಿಚ್ಚನ್ನು ಆರಿಸಬೇಡಿರಿ. ಆಲ್ಟರ್ನೇಟರಿನ ಡಯೋಡುಗಳು ಸುಟ್ಟುಹೋಗಬಹುದು.

ತಿರುಗುವ ವೇಗ ಮತ್ತು ಗಂಟೆಗಳ ಲೆಕ್ಕ

ಟಾಕೋಮೀಟರ್ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ಹೇಳುತ್ತದೆ. ಅನೇಕ ಮಾಪಕಗಳಲ್ಲಿ 20 ಎಂದು ಬರೆದಿದ್ದರೆ 2000 ಎಂದು ಓದಬೇಕು. ಇದು ಬೋಟಿನ ವೇಗವಲ್ಲ ಎಂಬುದನ್ನು ಮರೆಯಬಾರದು. ನೀರಿನಲ್ಲಿ ವೇಗವನ್ನು ನಾಟ್ ಎಂದು ಅಳೆಯುತ್ತಾರೆ. 1 ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್.

ಇದೇ ಮಾಪಕದ ಹತ್ತಿರ ಗಂಟೆಗಳ ಲೆಕ್ಕದ ಚಿಕ್ಕ ಕಿಂಡಿ ಇರುತ್ತದೆ. ಲಾರಿಗೆ ಕಿಲೋಮೀಟರ್ ಇದ್ದಂತೆ ಬೋಟಿಗೆ ಗಂಟೆ. ಎಣ್ಣೆ, ಫಿಲ್ಟರ್ ಬದಲಾವಣೆಯನ್ನು ಇದರ ಪ್ರಕಾರ ಮಾಡಬೇಕು. ಹೊಸ ಎಂಜಿನ್‌ಗೆ ಮೊದಲ ಸಲ ಸಾಮಾನ್ಯವಾಗಿ 50 ಗಂಟೆಗೆ, ಆಮೇಲೆ ಎಂಜಿನ್‌ಗೆ ತಕ್ಕಂತೆ 100ರಿಂದ 250 ಗಂಟೆಗೊಮ್ಮೆ.

ಡೀಸೆಲ್ ಮಾಪಕ

ಇದನ್ನು ಪೂರ್ತಿಯಾಗಿ ನಂಬಬೇಡಿರಿ. ಅಲೆಗೆ ತೊಟ್ಟಿಯೊಳಗಿನ ಡೀಸೆಲ್ ತುಳುಕುತ್ತದೆ, ತೇಲುಗುಂಡು ಕುಣಿಯುತ್ತದೆ. ತೊಟ್ಟಿಯ ತಳ ಬೋಟಿನ ಆಕಾರಕ್ಕೆ ಇಕ್ಕಟ್ಟಾಗಿದ್ದರೆ ಮಾಪಕದ ಅರ್ಧ ನಿಜವಾದ ಅರ್ಧವಲ್ಲ. ಹೊರಡುವ ಮೊದಲು ಕಡ್ಡಿ ಅದ್ದಿ ಅಳೆಯುವುದೇ ಲೇಸು. ಅನುಭವಿಗಳ ಲೆಕ್ಕ ಸುಲಭ: ಮೂರರಲ್ಲೊಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಕಷ್ಟಕಾಲಕ್ಕೆ.

ಎರಡು ಮುಳ್ಳುಗಳು ಸೇರಿ ಹೇಳುವ ಮಾತು

ಜ್ವರದ ಜೊತೆ ಕೆಮ್ಮಿದೆಯೇ, ಮೈಕೈ ನೋವಿದೆಯೇ ಎಂದು ಕೇಳಿ ರೋಗ ಗುರುತಿಸುವಂತೆ, ಮಾಪಕಗಳನ್ನೂ ಜೋಡಿಸಿ ಓದಬೇಕು.

1. ಉಷ್ಣತೆ ಏರುತ್ತಿದೆ, ಅದೇ ಹೊತ್ತಿಗೆ ಬ್ಯಾಟರಿಯ ದೀಪವೂ ಹೊತ್ತಿಕೊಂಡಿದೆ: ಬೆಲ್ಟ್ ತುಂಡಾಗಿರಬಹುದು. ಅನೇಕ ಎಂಜಿನ್‌ಗಳಲ್ಲಿ ನೀರಿನ ಪಂಪನ್ನೂ ಆಲ್ಟರ್ನೇಟರನ್ನೂ ಒಂದೇ ಬೆಲ್ಟ್ ತಿರುಗಿಸುತ್ತದೆ.

2. ಉಷ್ಣತೆ ಏರುತ್ತಿದೆ, ಹಿಂದೆ ಚಿಮ್ಮುವ ನೀರು ಕಡಿಮೆಯಾಗಿದೆ: ಹೊರನೀರಿನ ದಾರಿ ಕಟ್ಟಿದೆ, ಅಥವಾ ಪಂಪಿನ ರಬ್ಬರ್ ರೆಕ್ಕೆ ಹೋಗಿದೆ.

3. ಪೂರ್ತಿ ಒತ್ತಿದರೂ ಸುತ್ತು ಏರುವುದಿಲ್ಲ, ಕಪ್ಪು ಹೊಗೆ ಬರುತ್ತಿದೆ: ಭಾರ ಹೆಚ್ಚಾಗಿದೆ, ಅಥವಾ ಬಲೆಯೋ ಹಗ್ಗವೋ ಪ್ರೊಪೆಲ್ಲರಿಗೆ ಸುತ್ತಿಕೊಂಡಿದೆ. ಎಂಜಿನ್ ನಿಲ್ಲಿಸಿ ಕೀಲಿ ತೆಗೆಯದೆ ಪ್ರೊಪೆಲ್ಲರಿನ ಹತ್ತಿರ ಕೈ ಹಾಕಬೇಡಿರಿ.

4. ಸುತ್ತು ಏರುತ್ತದೆ, ಬೋಟು ಮಾತ್ರ ಮುಂದೆ ಹೋಗುವುದಿಲ್ಲ: ತೊಂದರೆ ಗೇರಿನಲ್ಲಿ ಅಥವಾ ಪ್ರೊಪೆಲ್ಲರಿನಲ್ಲಿದೆ.

5. ಸುತ್ತು ಏರಿಳಿಯುತ್ತ ಎಂಜಿನ್ ನಿಲ್ಲುವಂತಾಗುತ್ತದೆ: ಡೀಸೆಲ್‌ನಲ್ಲಿ ನೀರು, ಕೊಳವೆಯಲ್ಲಿ ಗಾಳಿ, ಅಥವಾ ಕಟ್ಟಿದ ಫಿಲ್ಟರ್.

ಈಗಿನ ಹೊಸ ಎಂಜಿನ್‌ಗಳಲ್ಲಿ ಪ್ರತ್ಯೇಕ ಮುಳ್ಳುಗಳ ಬದಲು ಒಂದೇ ಪರದೆ ಇರುತ್ತದೆ. ಅಪಾಯ ಕಂಡರೆ ಕೆಲವು ಎಂಜಿನ್‌ಗಳು ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಪರದೆ ಬಂದರೂ ಓದುವ ವಿಷಯ ಇದೇ.

ಹಿಡಿಕೆ ಮತ್ತು ಸ್ವಿಚ್ಚುಗಳು

ಹೆಚ್ಚಿನ ಚಿಕ್ಕ ಬೋಟುಗಳಲ್ಲಿ ಗೇರು ಮತ್ತು ವೇಗಕ್ಕೆ ಒಂದೇ ಹಿಡಿಕೆ. ನೆಟ್ಟಗಿದ್ದರೆ ನ್ಯೂಟ್ರಲ್, ಮುಂದಕ್ಕೆ ತಳ್ಳಿದರೆ ಮುಂದೆ, ಹಿಂದಕ್ಕೆ ಎಳೆದರೆ ಹಿಂದೆ. ಮುಂದಿನಿಂದ ನೇರವಾಗಿ ಹಿಂದಕ್ಕೆ ಎಳೆಯದೆ ನಡುವೆ ಒಂದೆರಡು ಸೆಕೆಂಡು ನಿಲ್ಲಿಸಿರಿ, ಇಲ್ಲವಾದರೆ ಗೇರಿನ ಹಲ್ಲುಗಳಿಗೆ ಪೆಟ್ಟು. ಬೋಟಿಗೆ ಬ್ರೇಕಿಲ್ಲ ಎಂಬುದನ್ನು ಟ್ರ್ಯಾಕ್ಟರಿನಿಂದ ಬಂದವರು ಮೊದಲ ದಿನವೇ ಕಲಿಯಬೇಕು.

ಹಲವು ಡೀಸೆಲ್ ಎಂಜಿನ್‌ಗಳು ಕೀಲಿ ತಿರುಗಿಸಿದರೆ ನಿಲ್ಲುವುದಿಲ್ಲ, ಪ್ರತ್ಯೇಕ ಗುಂಡಿ ಎಳೆಯಬೇಕು. ಅದು ಎಲ್ಲಿದೆ ಎಂದು ಬೋಟಿನಲ್ಲಿರುವ ಎಲ್ಲರಿಗೂ ತಿಳಿದಿರಬೇಕು. ಹೊರಎಂಜಿನ್ ಬೋಟಾದರೆ ಎಂಜಿನ್ ನಿಲ್ಲಿಸುವ ಕೆಂಪು ಬಳ್ಳಿ ಇರುತ್ತದೆ. ಅದನ್ನು ಮೈಗೆ ಸಿಕ್ಕಿಸಿಕೊಳ್ಳಿರಿ. ಚಾಲಕ ನೀರಿಗೆ ಬಿದ್ದರೆ ಬಳ್ಳಿ ಕಿತ್ತು ಎಂಜಿನ್ ತಾನೇ ನಿಲ್ಲುತ್ತದೆ. ಇಲ್ಲವಾದರೆ ಚಾಲಕನಿಲ್ಲದ ಬೋಟು ಸುತ್ತು ಹೊಡೆದು ಅವನ ಮೇಲೆಯೇ ಬರಬಹುದು.

ತಳದ ನೀರು ತೆಗೆಯುವ ಪಂಪಿನ ಸ್ವಿಚ್ಚಿಗೆ ಹೆಚ್ಚಾಗಿ ಮೂರು ಸ್ಥಾನಗಳು: ತಾನಾಗಿ, ಆರಿದ್ದು, ಕೈಯಿಂದ. ಪಂಪು ಮತ್ತೆ ಮತ್ತೆ ಓಡುತ್ತಿದ್ದರೆ ಪಂಪು ಚೆನ್ನಾಗಿದೆ ಎಂದು ಸಂತೋಷಪಡಬೇಡಿರಿ, ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿರಿ. ತಳದಲ್ಲಿ ಎಣ್ಣೆ ಸೇರಿದ್ದರೆ ಅದನ್ನು ಹೊಳೆಗೆ ಪಂಪು ಮಾಡಬಾರದು. ಅದೇ ನೀರಿನಲ್ಲಿ ಮೀನೂ ಪಚ್ಚಿಲೆಯೂ ಬೆಳೆಯುತ್ತವೆ.

ರಾತ್ರಿಯ ದೀಪಗಳಲ್ಲಿ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಇದು 1972ರ ಅಂತರರಾಷ್ಟ್ರೀಯ ನಿಯಮ. ಎದುರಿನ ಬೋಟಿನ ಕೆಂಪು ದೀಪ ಕಂಡರೆ ಅದರ ಎಡಮಗ್ಗುಲು ನಿಮ್ಮ ಕಡೆಗಿದೆ. ದಿಕ್ಸೂಚಿಯ ಪಕ್ಕದಲ್ಲಿ ಮೊಬೈಲ್, ಚಾಕು, ಸ್ಪೀಕರ್ ಇಡಬೇಡಿರಿ, ಮುಳ್ಳು ತಪ್ಪು ತೋರಿಸುತ್ತದೆ. ವಿ.ಎಚ್.ಎಫ್. ರೇಡಿಯೋ ಇದ್ದರೆ ಅಪಾಯದ ಕರೆಗೆ 16ನೇ ಚಾನೆಲ್. ಸಮುದ್ರದಲ್ಲಿ ಕಷ್ಟಕ್ಕೆ ಸಿಕ್ಕಿದರೆ ಫೋನಿನಿಂದ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಕರೆಮಾಡಬಹುದು.

ಫಲಕ ಹೇಳದ ಮೂರು ವಿಷಯಗಳು

ಮೊದಲನೆಯದು ಭಾರ. ಬೋಟಿನಲ್ಲಿ ಎಷ್ಟು ಜನ ಹತ್ತಿದ್ದಾರೆ ಎಂದು ಯಾವ ಮುಳ್ಳೂ ತೋರಿಸುವುದಿಲ್ಲ. ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 2023ರ ಮೇ 7ರಂದು ಮಿತಿಮೀರಿ ಜನರನ್ನು ಹತ್ತಿಸಿಕೊಂಡ ಬೋಟು ಮಗುಚಿ 22 ಜನರು ತೀರಿಕೊಂಡರು. ಅವರಲ್ಲಿ ಅನೇಕರು ಮಕ್ಕಳು. 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 2021ರ ಒಳನಾಡು ಹಡಗುಗಳ ಕಾಯಿದೆಯು ಯಂತ್ರದ ಬೋಟುಗಳ ನೋಂದಣಿ, ಪರಿಶೀಲನೆ, ನಡೆಸುವವರ ಅರ್ಹತೆಯ ಪ್ರಮಾಣಪತ್ರ ಬೇಕೆನ್ನುತ್ತದೆ. ಆದರೆ ದಡದಲ್ಲಿ ನಿಂತು "ಇನ್ನು ಸಾಕು" ಎನ್ನುವುದು ಚಾಲಕನ ಬಾಯಿಯ ಕೆಲಸ. ಎಲ್ಲರಿಗೂ ಜೀವರಕ್ಷಕ ಜಾಕೆಟ್ ಇರಬೇಕು, ಮೈಮೇಲೆ ಇರಬೇಕು, ಆಸನದ ಅಡಿಯಲ್ಲಿ ಅಲ್ಲ.

ಎರಡನೆಯದು ಹೊಗೆ. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪೆಟ್ರೋಲ್ ಎಂಜಿನ್‌ನಲ್ಲಿ ಇದು ಹೆಚ್ಚು. ಮುಚ್ಚಿದ ಕೋಣೆಯಲ್ಲಿ ಕುಳಿತವರಿಗೆ ತಲೆನೋವು, ವಾಕರಿಕೆ, ಮಂಪರು ಬಂದರೆ ಸಮುದ್ರದ ಓಲಾಟ ಎಂದು ತಳ್ಳಿಹಾಕದೆ ಕೂಡಲೇ ಹೊರಗಾಳಿಗೆ ಕರೆತನ್ನಿರಿ. ಬಾವಿಯ ಬಳಿಯ ಮುಚ್ಚಿದ ಕೊಟ್ಟಿಗೆಯಲ್ಲಿ ಪಂಪುಸೆಟ್ಟು ಓಡಿಸುವವರಿಗೂ ಇದೇ ಮಾತು.

ಮೂರನೆಯದು ಕಿವಿ. ದಿನಕ್ಕೆ 8 ಗಂಟೆ 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ದುಡಿದರೆ ವರ್ಷಗಳಲ್ಲಿ ಶ್ರವಣಶಕ್ತಿ ಕುಂದುತ್ತದೆ, ಕುಂದಿದ್ದು ಮರಳುವುದಿಲ್ಲ. ಒಂದು ಮೀಟರ್ ದೂರದವನೊಡನೆ ಕೂಗಿ ಮಾತನಾಡಬೇಕಾದರೆ ಸದ್ದು ಮಿತಿ ಮೀರಿದೆ ಎಂದು ತಿಳಿಯಿರಿ. ಕಿವಿಗೆ ಹಾಕುವ ಬಿರಡೆಗೆ ಹೆಚ್ಚು ಖರ್ಚಿಲ್ಲ.

ಒಂದು ಚಿಕ್ಕ ಪುಸ್ತಕ

ಕೊನೆಯದಾಗಿ ಒಂದು ಸಲಹೆ. ಬೋಟಿನಲ್ಲಿ ಒಂದು ನೋಟುಪುಸ್ತಕ ಇಡಿರಿ. ಎಲ್ಲವೂ ಸರಿಯಿರುವ ದಿನ, ಎಂಜಿನ್ ಬಿಸಿಯಾದ ಮೇಲೆ, ನೀವು ಸಾಮಾನ್ಯವಾಗಿ ಹೋಗುವ ವೇಗದಲ್ಲಿ ಎಣ್ಣೆಯ ಒತ್ತಡ, ಉಷ್ಣತೆ, ವೋಲ್ಟ್, ಸುತ್ತು ಇವು ನಾಲ್ಕನ್ನೂ ಬರೆದಿಡಿರಿ. ಅದೇ ನಿಮ್ಮ ಬೋಟಿನ ಆರೋಗ್ಯದ ಅಳತೆ. ಮುಂದೆ ಹದಿನೈದು ನಿಮಿಷಕ್ಕೊಮ್ಮೆ ಫಲಕದ ಮೇಲೆ ಕಣ್ಣು ಹಾಯಿಸಿರಿ. ಮುಳ್ಳು ಎಲ್ಲಿದೆ ಎನ್ನುವುದಕ್ಕಿಂತಲೂ ಅದು ತನ್ನ ಎಂದಿನ ಜಾಗದಿಂದ ಸರಿದಿದೆಯೇ ಎನ್ನುವುದು ಮುಖ್ಯ. ಮಾಪಕ ಹಾಳಾಗಿದೆ ಎಂಬ ಸಂಶಯ ಬಂದರೆ ಅದನ್ನು ದಡದಲ್ಲಿ ಪರೀಕ್ಷಿಸಿರಿ. ನೀರಿನ ಮೇಲಿರುವಷ್ಟು ಹೊತ್ತು ಅದು ನಿಜ ಹೇಳುತ್ತಿದೆ ಎಂದೇ ನಂಬಿ ನಡೆಯಿರಿ.

ಅಂದಿನ ಆ ಯುವಕ ಈಗಲೂ ಬೋಟು ನಡೆಸುತ್ತಾನೆ. ಬಜರಿನ ತಂತಿ ಜೋಡಿಸಿದ್ದಾನೆ, ಲಂಗರನ್ನು ಮುಂಭಾಗದಲ್ಲಿ ಹಗ್ಗ ಕಟ್ಟಿ ಸಿದ್ಧವಾಗಿಟ್ಟಿದ್ದಾನೆ. ಕಳೆದ ಸಲ ಅವನೊಡನೆ ದಾಟುವಾಗ ಅವನೇ ನಮ್ಮನ್ನು ಫಲಕದ ಪಕ್ಕದಲ್ಲಿ ಕುಳ್ಳಿರಿಸಿ, "ಮುಳ್ಳು ಸರಿದರೆ ಹೇಳಿ ಫಾದರ್, ಸುಮ್ಮನಿರಬೇಡಿ" ಎಂದ. ಬೋಟು ಹತ್ತುವ ಎಲ್ಲರಿಗೂ ನಾವು ಹೇಳುವುದು ಅದನ್ನೇ. ಕಂಡದ್ದನ್ನು ಹೇಳಿರಿ, ಸುಮ್ಮನಿರಬೇಡಿರಿ.